ಹಿತ್ತಿಲ ಕೋಳಿಗಳ ಮತ್ತು ಮರಿಗಳ ಆರೋಗ್ಯ ಸಂರಕ್ಷಣೆ

ಕೋಳಿ ಸಾಕುವ ವಾಡಿಕೆಯುಳ್ಳ ಗ್ರಾಮಗಳಲ್ಲಿ ನಾಲ್ಕಾರು ಕೋಳಿಗಳಿಲ್ಲದ ಹಿತ್ತಿಲು ಅಪೂರ್ವ. ಇವುಗಳಿಗಾಗಿ ಪ್ರತ್ಯೇಕ ಜಮೀನು ಬೇಕಾಗಿಲ್ಲ, ಬಂಡವಾಳವೂ ಅತ್ಯಲ್ಪ. ಕಣದಲ್ಲಿ ಉದುರಿದ ಕಾಳು, ಅಡಿಗೆಮನೆಯ ನುಚ್ಚು, ತಿಪ್ಪೆಯ ಹುಳು, ಎಳೆಯ ಹುಲ್ಲು ಇವುಗಳನ್ನು ತಿಂದು ಅವು ಮೊಟ್ಟೆಯನ್ನೂ ಮಾಂಸವನ್ನೂ ಕೊಡುತ್ತವೆ. ಹೊಲದ ಆದಾಯವು ವರ್ಷಕ್ಕೆ ಒಂದೆರಡು ಸಲ ಕೈಸೇರಿದರೆ, ಕೋಳಿಯ ಆದಾಯವು ಬೇಕಾದ ಸಂತೆಯ ದಿನ ಕೈಸೇರತಕ್ಕದ್ದು. ಇದು ಬಹುಮಟ್ಟಿಗೆ ಮನೆಯ ಹೆಂಗಸರ ಕೈಯ ಹಣ. ಉಪ್ಪು ಎಣ್ಣೆ, ಮಕ್ಕಳ ಪುಸ್ತಕ, ಅಕಸ್ಮಾತ್ತಾಗಿ ಬಂದ ಔಷಧದ ಖರ್ಚು ಮೊದಲಾದುವು ಇದರಿಂದಲೇ ನಡೆಯುತ್ತವೆ. ಯಜಮಾನನ ಲೆಕ್ಕದಲ್ಲಿ ಈ ಹಣ ಕಾಣದಿದ್ದರೂ ಸಂಸಾರದಲ್ಲಿ ಅದರ ಸ್ಥಾನ ದೊಡ್ಡದು.

ಹೀಗಿದ್ದರೂ ಕೋಳಿಯ ಭಾಗ್ಯ ನಿಲ್ಲತಕ್ಕದ್ದಲ್ಲವೆಂಬ ನಂಬಿಕೆಯು ಅನೇಕ ರೈತರಲ್ಲಿ ಬೇರೂರಿದೆ. ಮರಿಗಳಲ್ಲಿ ಮುಕ್ಕಾಲುಪಾಲು ಸಾಯುವುದು ಸಹಜವೆಂದೂ, ಬೇಸಗೆಯಲ್ಲಿ ರೋಗ ಬಂದು ಗೂಡು ಬರಿದಾಗುವುದು ದೈವೇಚ್ಛೆಯೆಂದೂ ಅವರು ಭಾವಿಸುತ್ತಾರೆ. ಈ ಎರಡೂ ತಪ್ಪು ತಿಳಿವಳಿಕೆಗಳು. ಮರಿಗಳ ಸಾವನ್ನು ಒಂದೊಂದು ಮನೆಯೂ ತನ್ನಷ್ಟಕ್ಕೆ ತಡೆಯಬಹುದು. ಬೇಸಗೆಯ ರೋಗವನ್ನು ಮಾತ್ರ ಒಂದು ಮನೆಯು ತಾನೊಂದೇ ತಡೆಯಲಾರದು. ಊರೆಲ್ಲವೂ ಒಟ್ಟಾದರೆ ಅದು ಸುಲಭಸಾಧ್ಯ. ಈ ಎರಡು ಕಾರ್ಯಗಳ ಕ್ರಮವನ್ನು ಮುಂದೆ ವಿವರಿಸಿದೆ.

1. ನಷ್ಟದ ಲೆಕ್ಕ

ನಾಟಿ ಹೇಂಟೆಯು ವರ್ಷಕ್ಕೆ ಮೂರು ನಾಲ್ಕು ಸರದಿಯಲ್ಲಿ, ಸರದಿಯೊಂದಕ್ಕೆ 12 ರಿಂದ 15 ರಂತೆ, ಒಟ್ಟು ಸುಮಾರು 40 ರಿಂದ 60 ಮೊಟ್ಟೆಗಳನ್ನಿಡುತ್ತದೆ. ಉದಾಹರಣೆಗೆ, ಒಂದು ಹೇಂಟೆಯನ್ನು 12 ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿ, 10 ಮರಿಗಳಾದುವೆಂದೂ, ಎಂಟು ವಾರಗಳೊಳಗೆ 7 ಮರಿಗಳು ಸತ್ತುವೆಂದೂ ಇಟ್ಟುಕೊಳ್ಳೋಣ. ಕಾವಿನ 21 ದಿನಗಳು, ಮರಿಗಳೊಡನೆ ತಿರುಗುವ ಎರಡು ತಿಂಗಳುಗಳು, ಒಟ್ಟು ಮೂರು ತಿಂಗಳಿಗೆ ಸಮೀಪ ಆ ಹೇಂಟೆಯು ಮೊಟ್ಟೆಯಿಡುವುದಿಲ್ಲ. ಮೂರು ಮರಿಗಳಿಗಾಗಿ ಮೂರು ತಿಂಗಳು ಕಳೆದಂತಾಯಿತು. ಅದೇ ಹೇಂಟೆಯ 8 ಮರಿಗಳು ಉಳಿದರೆ ಖರ್ಚು ಹೆಚ್ಚದೆಯೇ ಫಲವು ಎರಡೂವರೆ ಪಟ್ಟಿಗೂ ಮೀರುತ್ತದೆ. ಆದುದರಿಂದ ಕೋಳಿಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ಹುಟ್ಟಿದ ಮರಿಗಳನ್ನು ಉಳಿಸುವುದೇ ಮೊದಲನೆಯ ಲಾಭ.

2. ಕಾವಿಗೆ ಕೂರಿಸುವ ಕ್ರಮ

ಮರಿಯ ಆರೋಗ್ಯವು ಮೊಟ್ಟೆಯಲ್ಲಿಯೇ ಆರಂಭವಾಗುತ್ತದೆ. ಒಂದು ವಾರಕ್ಕಿಂತ ಹಳೆಯದಾದ ಮೊಟ್ಟೆಯನ್ನು ಕಾವಿಗೆ ಇಡಕೂಡದು. ಬೇಸಗೆಯಲ್ಲಿ ನಾಲ್ಕೈದು ದಿನಗಳೊಳಗಿನ ಮೊಟ್ಟೆಗಳೇ ಒಳ್ಳೆಯವು. ಅವುಗಳನ್ನು ನೀರಿನಲ್ಲಿ ತೊಳೆಯಕೂಡದು. ಚೂಪಾದ ತುದಿ ಕೆಳಗಿರುವಂತೆ ತಂಪಾದ ಸ್ಥಳದಲ್ಲಿ ಕೂಡಿಡಬೇಕು. ಬಿರುಕು ಬಿಟ್ಟುವು, ಅತಿ ಚಿಕ್ಕವು, ಆಕಾರಗೆಟ್ಟುವು ಇವನ್ನು ತೆಗೆದುಹಾಕಬೇಕು. ಸಾಧಾರಣ ಹೇಂಟೆಗೆ 10 ರಿಂದ 12 ಮೊಟ್ಟೆಗಳು ಸಾಕು.

ಅಗಲಬಾಯಿಯ ಮಂಕರಿಯಲ್ಲಿ ಮೂರು ಅಂಗುಲದಷ್ಟು ಒಣ ಮರಳು ಅಥವಾ ಬೂದಿ ಬೆರೆತ ಮಣ್ಣನ್ನು ಹಾಕಿ, ಅದರ ಮೇಲೆ ಹೊಸ ಹುಲ್ಲನ್ನು ಹಾಸಬೇಕು. ಹಿಂದಿನ ಸಲದ ಹುಲ್ಲು ಹೇನುಗಳಿಗೆ ಮನೆ, ಅದನ್ನು ಸುಟ್ಟುಬಿಡತಕ್ಕದ್ದು. ಹೇಂಟೆಯ ರೆಕ್ಕೆಗಳ ಅಡಿಯನ್ನೂ ಬಾಲದ ಬುಡವನ್ನೂ ಪರೀಕ್ಷಿಸಿ, ಹೇನುಗಳಿದ್ದರೆ ಮೊದಲು ಅವನ್ನು ನಿವಾರಿಸಿದ ಮೇಲೆಯೇ ಕೂರಿಸಬೇಕು. ಕಾವಿನಲ್ಲಿರುವ ಹೇಂಟೆಯು ದಿನಕ್ಕೊಮ್ಮೆ ಎದ್ದು ಕಾಳು ನೀರು ಸೇವಿಸುವಂತೆ ಅವುಗಳನ್ನು ಸಮೀಪದಲ್ಲಿಯೇ ಇಟ್ಟಿರಬೇಕು.

ಏಳನೆಯ ರಾತ್ರಿ ಮೊಟ್ಟೆಗಳನ್ನು ಒಂದೊಂದಾಗಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಬೇಕು. ಜೇಡನ ಕಾಲುಗಳಂತೆ ಹರಡಿದ ಕೆಂಪು ನಾಳಗಳು ಕಂಡರೆ ಅದರಲ್ಲಿ ಮರಿಯುಂಟು. ಏನೂ ಕಾಣದೆ ತಿಳಿಯಾಗಿದ್ದರೆ ಅದು ಬರಡು, ಅದನ್ನು ತೆಗೆದುಬಿಡಬೇಕು. 21ನೆಯ ದಿನ ಮರಿಗಳು ಹೊರಬರುತ್ತವೆ. ಆ ದಿನ ಹೇಂಟೆಯನ್ನು ಮೇಲಿಂದ ಮೇಲೆ ಎಬ್ಬಿಸಿ ನೋಡಕೂಡದು.

3. ಮರಿಗಳ ಮೊದಲ ಎಂಟು ವಾರಗಳು

ಮರಿಗಳನ್ನು ಕೊಲ್ಲುವ ಕಾರಣಗಳು ಮುಖ್ಯವಾಗಿ ಐದು: ಚಳಿ, ತೇವ, ಹಸಿವು, ಹದ್ದು ಮುಂಗುಸಿ ಮೊದಲಾದ ಶತ್ರುಗಳು, ಮತ್ತು ರೋಗ. ಇವುಗಳಲ್ಲಿ ಮೊದಲಿನ ನಾಲ್ಕನ್ನು ಔಷಧವಿಲ್ಲದೆಯೇ ತಡೆಯಬಹುದು.

ಬೆಚ್ಚಗಿಡುವುದು: ಮೊದಲಿನ ಎಂಟು ಹತ್ತು ದಿನಗಳು ತಾಯಿಯನ್ನೂ ಮರಿಗಳನ್ನೂ ದೊಡ್ಡ ಮಂಕರಿಯ ಅಡಿಯಲ್ಲಿ ಅಥವಾ ಬೇಲಿ ಕಟ್ಟಿದ ಮೂಲೆಯಲ್ಲಿ ಇರಿಸಬೇಕು. ಹುಟ್ಟಿದ ಮರುದಿನವೇ ಹೊರಗೆ ಬಿಟ್ಟರೆ ತಾಯಿಯು ಮೇವನ್ನು ಹುಡುಕುತ್ತ ದೂರ ಹೋಗುತ್ತದೆ. ಹಿಂದೆ ಓಡಿದ ಮರಿಗಳು ಬಳಲಿ, ನೆನೆದು, ಚಳಿಹಿಡಿದು ಸಾಯುತ್ತವೆ. ಅನಂತರವೂ ಹುಲ್ಲಿನ ಮೇಲಿನ ಇಬ್ಬನಿ ಆರಿದ ಮೇಲೆಯೇ ಅವನ್ನು ಬಿಡತಕ್ಕದ್ದು. ತಾಯಿಯಿಲ್ಲದ ಮರಿಗಳನ್ನು ಕೊಂಡು ತಂದಿದ್ದರೆ ಲಾಂದ್ರದ ಅಥವಾ ವಿದ್ಯುದ್ದೀಪದ ಕಾವು ಕೊಡಬೇಕು. ಕಾವು ಸಾಕೇ ಎಂಬುದನ್ನು ಮರಿಗಳೇ ತಿಳಿಸುತ್ತವೆ. ದೀಪದ ಬಳಿ ಒಂದರ ಮೇಲೊಂದು ಒತ್ತಿ ಕೂಗಿದರೆ ಕಾವು ಸಾಲದು. ದೀಪದಿಂದ ದೂರ ಸರಿದು ಬಾಯಿ ತೆರೆದು ಏದಿದರೆ ಕಾವು ಹೆಚ್ಚು. ಸಮನಾಗಿ ಹರಡಿ ಮಲಗಿದರೆ ಸರಿಯಾಗಿದೆ.

ಒಣಗಿಸಿಡುವುದು: ನೆಲದ ಮೇಲೆ ಎರಡು ಅಂಗುಲದಷ್ಟು ಒಣ ಮರಳು ಅಥವಾ ನೆಲ್ಲಿನ ಹೊಟ್ಟನ್ನು ಹಾಸಿ, ತೇವವಾದ ಭಾಗವನ್ನು ಪ್ರತಿದಿನವೂ ತೆಗೆದು ಹೊಸದನ್ನು ಹಾಕಬೇಕು. ನೀರಿನ ಪಾತ್ರೆಯು ಆಳವಾಗಿರಕೂಡದು. ಅಗಲವಾದ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲುಗಳನ್ನಿಟ್ಟು ನೀರು ಹಾಕಿದರೆ ಮರಿಗಳು ಅದರಲ್ಲಿ ಬಿದ್ದು ನೆನೆಯುವುದಿಲ್ಲ.

ಆಹಾರ: ಮೊದಲಿನ ತಿಂಗಳಿನಲ್ಲಿ ಮರಿಗಳನ್ನು ಹಿತ್ತಿಲಿನ ಮೇವಿಗೇ ಬಿಟ್ಟರೆ ಅವು ಬೆಳೆಯುವುದಿಲ್ಲ. ರಾಗಿ, ಅಕ್ಕಿಯ ನುಚ್ಚು, ಮುಸುಕಿನ ಜೋಳದ ನುಚ್ಚು ಇವು ಶಕ್ತಿಗೆ ಸಾಕಾದರೂ ಮೈಬೆಳೆಯಲು ಸಾಲವು. ಇವುಗಳೊಡನೆ ಕಡಲೆಕಾಯಿ ಹಿಂಡಿಯ ಪುಡಿ, ಒಣ ಮೀನಿನ ಪುಡಿ, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಇವುಗಳಲ್ಲಿ ದೊರೆತುದನ್ನು ಸೇರಿಸಬೇಕು. ಗೆದ್ದಲು ಬಹಳ ಒಳ್ಳೆಯ ಆಹಾರ. ಹಳೆಯ ಮಡಕೆಯೊಂದರಲ್ಲಿ ತೇವಮಾಡಿದ ಸಗಣಿ, ಹುಲ್ಲು, ಗೋಣಿಚಿಂದಿ ಇವನ್ನು ತುಂಬಿ, ಗೆದ್ದಲಿರುವ ಸ್ಥಳದಲ್ಲಿ ಸಾಯಂಕಾಲ ಬೋರಲಾಗಿಟ್ಟರೆ ಬೆಳಗಾಗುವುದರೊಳಗೆ ಅದರಲ್ಲಿ ಗೆದ್ದಲು ಸೇರಿರುತ್ತದೆ. ದೊಡ್ಡ ಕೋಳಿಗಳು ಮರಿಗಳ ಆಹಾರವನ್ನು ಕಸಿಯದಂತೆ, ಮರಿಗಳು ಮಾತ್ರ ನುಸುಳಬಹುದಾದಷ್ಟು ಸಂದುಗಳಿರುವ ಬಿದಿರಿನ ಬುಟ್ಟಿಯನ್ನು ಬೋರಲಾಗಿಟ್ಟು, ಅದರೊಳಗೆ ಆಹಾರವನ್ನಿಡತಕ್ಕದ್ದು.

ಬೂಷ್ಟು ಹಿಡಿದ ಹಿಂಡಿಯನ್ನೂ ಕಾಳನ್ನೂ ಕೋಳಿಗೆ ಹಾಕಿದರಾಯಿತೆಂಬ ಅಭ್ಯಾಸ ಅಪಾಯಕರ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುವು. ಆ ಬೂಷ್ಟಿನ ವಿಷವು ಯಕೃತ್ತನ್ನು ಕೆಡಿಸತಕ್ಕದ್ದೆಂದೂ, ಬೇಯಿಸಿದರೂ ಪೂರ್ಣವಾಗಿ ಹೋಗತಕ್ಕದ್ದಲ್ಲವೆಂದೂ ಅಲ್ಲಿಂದೀಚೆಗೆ ತಿಳಿದುಬಂದಿದೆ. ಮನುಷ್ಯರಿಗೆ ಕೆಟ್ಟುದು ಮರಿಗೂ ಕೆಟ್ಟುದೇ.

ಶತ್ರುಗಳು: ಹದ್ದು ಕಾಗೆಗಳಿಗೆ ಬಯಲಿನಲ್ಲಿರುವ ಮರಿಯೇ ಸುಲಭವಾದ ಬೇಟೆ. ತೊಗರಿಕಡ್ಡಿಯ ತಡಿಕೆಗಳನ್ನು ಒಂದಡಿ ಎತ್ತರದಲ್ಲಿ ಅಲ್ಲಲ್ಲಿ ನಿಲ್ಲಿಸಿದರೆ ಮರಿಗಳು ಓಡಿ ಅಡಗಲು ಆಶ್ರಯ ದೊರೆಯುತ್ತದೆ. ಬಿಸಿಲಿಗೆ ನೆರಳೂ ಆಗುತ್ತದೆ.

ರಕ್ತಭೇದಿ: ಮೂರನೆಯ ವಾರದಿಂದ ಆರನೆಯ ವಾರದವರೆಗೆ ಮರಿಗಳು ರೆಕ್ಕೆ ಇಳಿಬಿಟ್ಟು, ಮೈ ಮುದುಡಿ, ರಕ್ತಮಿಶ್ರವಾದ ಹಿಕ್ಕೆ ಹಾಕಿದರೆ ಅದು ಕಾಕ್ಸಿಡಿಯ ಎಂಬ ಸೂಕ್ಷ್ಮಜೀವಿಯಿಂದಾದ ರಕ್ತಭೇದಿಯಾಗಿರಬಹುದು. ಈ ಜೀವಿಯ ತತ್ತಿಗಳು ಹಿಕ್ಕೆಯೊಡನೆ ಹೊರಬಿದ್ದು, ತೇವವೂ ಬೆಚ್ಚನೆಯ ಹವೆಯೂ ಇದ್ದರೆ ಒಂದೆರಡು ದಿನಗಳಲ್ಲಿ ರೋಗ ತರುವ ಶಕ್ತಿಯನ್ನು ಪಡೆಯುತ್ತವೆ. ಹಿಕ್ಕೆಯನ್ನು ಪ್ರತಿದಿನವೂ ತೆಗೆದು ನೆಲವನ್ನು ಒಣಗಿಸಿಟ್ಟರೆ ಅವು ಬಲಿಯಲಾರವು. ರೋಗ ಕಂಡೊಡನೆ ಪಶುವೈದ್ಯರನ್ನು ಕೇಳಿ ನೀರಿನಲ್ಲಿ ಬೆರೆಸುವ ಔಷಧವನ್ನು ತರಬೇಕು. ಈ ರೋಗಕ್ಕೆ ಸಕಾಲದಲ್ಲಿ ಕೊಟ್ಟ ಔಷಧವು ಗುಣಕಾರಿ.

4. ಗೂಡು ಮತ್ತು ಮೈಹುಳುಗಳು

ಕೋಳಿಗೂಡು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿದ್ದು, ತಳವು ಹಿಕ್ಕೆ ಕೆಳಗೆ ಬೀಳುವಂತೆ ಸಂದು ಬಿಟ್ಟ ರೀಪುಗಳಿಂದ ಕೂಡಿರುವುದು ಉತ್ತಮ. ದೊಡ್ಡ ಕೋಳಿಯೊಂದಕ್ಕೆ ಒಂದು ಚದರ ಅಡಿಗೆ ಕಡಮೆಯಿಲ್ಲದ ಸ್ಥಳವಿರಬೇಕು. ಗಾಳಿಯಾಡಬೇಕು, ಮಳೆಯ ಎರಚಲು ಬೀಳಕೂಡದು. ಮುಂಗುಸಿ, ಕಾಡುಬೆಕ್ಕು ನುಗ್ಗದಂತೆ ಬಾಗಿಲು ಬಿಗಿಯಾಗಿರಬೇಕು. ಗೂಡಿನ ಅಡಿಯ ಹಿಕ್ಕೆಯನ್ನು ಆಗಾಗ ತೆಗೆದು ಗೊಬ್ಬರದ ಗುಂಡಿಗೆ ಸೇರಿಸಿದರೆ ಹೊಲಕ್ಕೂ ಪ್ರಯೋಜನ.

ಕೋಳಿಗಳು ಕಾರಣ ತಿಳಿಯದೆ ಸೊರಗಿ ಮೊಟ್ಟೆ ನಿಲ್ಲಿಸಿದರೆ ರಾತ್ರಿ ದೀಪ ಹಿಡಿದು ಗೂಡನ್ನು ಪರೀಕ್ಷಿಸಬೇಕು. ಕೆಂಪು ನುಸಿಗಳೂ ಉಣ್ಣೆಗಳೂ ಹಗಲೆಲ್ಲ ಗೋಡೆಯ ಬಿರುಕುಗಳಲ್ಲಿಯೂ ಮರದ ಸಂದುಗಳಲ್ಲಿಯೂ ಅಡಗಿದ್ದು, ಕತ್ತಲಾದ ಮೇಲೆ ಹೊರಬಂದು ರಕ್ತ ಹೀರುತ್ತವೆ. ಕೋಳಿಯ ಮೈಯನ್ನು ಹಗಲಿನಲ್ಲಿ ಮಾತ್ರ ನೋಡಿದವರಿಗೆ ಇವು ಕಾಣಲಾರವು. ಬಿರುಕುಗಳನ್ನು ಮಣ್ಣಿನಿಂದ ಮೆತ್ತಿ, ಮರದ ಭಾಗಗಳಿಗೆ ಕುದಿಯುವ ನೀರನ್ನು ಸುರಿದು, ಗೂಡಿಗೆ ವರ್ಷಕ್ಕೆ ಎರಡು ಮೂರು ಸಲ ಸುಣ್ಣ ಬಳಿಯಬೇಕು. ಹಿತ್ತಿಲಿನ ಒಂದು ಮೂಲೆಯಲ್ಲಿ ಬೂದಿಯನ್ನೂ ಒಣ ಮಣ್ಣನ್ನೂ ಬೆರೆಸಿ ಹಾಕಿದರೆ ಕೋಳಿಗಳು ಅದರಲ್ಲಿ ಹೊರಳಿ ಮೈಯ ಹೇನುಗಳನ್ನು ತಾವೇ ಕಡಮೆಮಾಡಿಕೊಳ್ಳುತ್ತವೆ.

ಜುಟ್ಟಿನ ಮೇಲೂ ಕಣ್ಣಿನ ಸುತ್ತಲೂ ಗುಳ್ಳೆಗಳೆದ್ದು ಹಕ್ಕಳೆಗಟ್ಟುವುದು ಕೋಳಿ ಸಿಡುಬು. ಇದನ್ನು ಸೊಳ್ಳೆಗಳೂ ಹರಡುತ್ತವೆ. ಹಕ್ಕಳೆಗಳನ್ನು ಕೀಳಕೂಡದು. ಇದಕ್ಕೂ ತಡೆಲಸಿಕೆಯುಂಟು.

5. ಕೊಕ್ಕರೆ ರೋಗ

ಊರಿನ ಗೂಡುಗಳನ್ನು ಒಮ್ಮೆಗೇ ಬರಿದುಮಾಡುವುದು ಕೊಕ್ಕರೆ ರೋಗ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಬಳಿಯಲ್ಲಿಯೂ ಈ ರೋಗವನ್ನು ಗುರುತಿಸಲಾಯಿತು. ಅದಾದ ಸ್ವಲ್ಪ ಕಾಲದಲ್ಲಿಯೇ ಕುಮಾವೂನ್ ಬೆಟ್ಟಸೀಮೆಯ ರಾಣಿಖೇತ್ ಎಂಬ ಊರಿನಲ್ಲಿ ಕಾಣಿಸಿಕೊಂಡುದರಿಂದ ಭರತಖಂಡದಲ್ಲಿ ಇದಕ್ಕೆ ರಾಣಿಖೇತ್ ರೋಗವೆಂದೇ ಹೆಸರಾಯಿತು.

ಇದರ ಲಕ್ಷಣಗಳು ಹೀಗಿವೆ. ಕೋಳಿಯು ಮಂಕಾಗಿ ಮೇವು ಬಿಡುತ್ತದೆ. ಹಸುರು ಬಿಳುಪು ಮಿಶ್ರವಾಗಿ ಭೇದಿಯಾಗುತ್ತದೆ. ಬಾಯಿ ತೆರೆದು ಕಷ್ಟದಿಂದ ಉಸಿರೆಳೆಯುತ್ತದೆ. ರೆಕ್ಕೆ ಕಾಲುಗಳ ಸ್ವಾಧೀನ ತಪ್ಪುತ್ತದೆ. ಕೆಲವು ಕೋಳಿಗಳ ಕತ್ತು ತಿರುಚಿಕೊಳ್ಳುತ್ತದೆ. ತಡೆಲಸಿಕೆಯಿಲ್ಲದ ಹಿಂಡಿನಲ್ಲಿ ನೂರಕ್ಕೆ ತೊಂಬತ್ತರವರೆಗೂ ಸಾಯಬಹುದು. ಇದು ವೈರಸ್ಸಿನಿಂದ ಬರುವ ರೋಗವಾದುದರಿಂದ ಒಮ್ಮೆ ಅಂಟಿದ ಮೇಲೆ ವಾಸಿಮಾಡುವ ಔಷಧವು ಯಾವುದೂ ಇಲ್ಲ. ಬೆಳ್ಳುಳ್ಳಿ, ಅರಿಸಿನ, ಮಾತ್ರೆ ಇವುಗಳಿಗಾಗಿ ಕಳೆಯುವ ಕಾಲವು ರೋಗವು ನೆರೆಮನೆಗೆ ಹೋಗಲು ಕೊಟ್ಟ ಕಾಲವಷ್ಟೆ.

ಈ ರೋಗವು ಹಿಕ್ಕೆ, ಬಾಯಿಯ ಲೋಳೆ, ಪುಕ್ಕ, ಕರುಳು ಇವುಗಳ ಮೂಲಕ ಹರಡುತ್ತದೆ. ಸಂತೆಯಿಂದ ತಂದ ಕೋಳಿ, ಪಾಲಿಗೆ ತಂದ ಹೇಂಟೆ, ನೆಂಟರು ತಂದ ಹುಂಜ, ವ್ಯಾಪಾರಿಯ ಪಂಜರ, ನಾಯಿ ಎಳೆದಾಡಿದ ಸತ್ತ ಕೋಳಿ ಇವೆಲ್ಲ ಅದರ ವಾಹನಗಳು. ಅಂಟಿದ ಕೋಳಿಯಲ್ಲಿ ಲಕ್ಷಣಗಳು ತೋರಲು ಸಾಮಾನ್ಯವಾಗಿ ಐದಾರು ದಿನಗಳೂ ಕೆಲವು ವೇಳೆ ಎರಡು ವಾರಗಳೂ ಹಿಡಿಯುತ್ತವೆ. ಆದುದರಿಂದ ಕೊಂಡಾಗ ಚೆನ್ನಾಗಿ ಕಂಡ ಕೋಳಿಯೂ ರೋಗವನ್ನು ತರಬಲ್ಲದು. ಹೊಸ ಕೋಳಿಯನ್ನು ಎರಡು ವಾರಗಳವರೆಗೆ ಬೇರೆಯಾಗಿ ಕಟ್ಟಿ ಸಾಕಿದ ಮೇಲೆಯೇ ಹಿಂಡಿಗೆ ಸೇರಿಸತಕ್ಕದ್ದು.

6. ತಡೆಲಸಿಕೆಯನ್ನು ಊರೊಟ್ಟಿಗೆ ಹಾಕಿಸಬೇಕಾದ ಕಾರಣ

ಈ ರೋಗಕ್ಕೆ ಒಳ್ಳೆಯ ತಡೆಲಸಿಕೆಯುಂಟು. ಮರಿಗಳಿಗೆ ಮೊದಲನೆಯ ವಾರದಲ್ಲಿ, ಐದರಿಂದ ಏಳನೆಯ ದಿನದೊಳಗೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಹಾಕಲಾಗುತ್ತದೆ; ನಾಲ್ಕನೆಯ ವಾರದ ಸುಮಾರಿಗೆ ಪುನಃ ಹಾಕಲಾಗುತ್ತದೆ. ಎಂಟು ವಾರ ತುಂಬಿದವುಗಳಿಗೆ ಚರ್ಮದಡಿಯಲ್ಲಿ ಚುಚ್ಚುಮದ್ದು ಕೊಡಲಾಗುತ್ತದೆ. ದೊಡ್ಡವಕ್ಕೆ ಕೊಡುವ ಈ ಲಸಿಕೆಯು ಬಲವಾದುದು. ಎಳೆಯ ಮರಿಗಳಿಗೆ ಅದನ್ನು ಕೊಡಕೂಡದು. ಅನಂತರ ಪಶುವೈದ್ಯರು ಹೇಳಿದ ಅವಧಿಗಳಲ್ಲಿ ಮರಳಿ ಹಾಕಿಸಬೇಕು.

ಲಸಿಕೆಯು ದೊರೆತರೂ ಹಳ್ಳಿಯ ಕೋಳಿಗಳಿಗೆ ತಲಪದಿರಲು ಕಾರಣವೊಂದುಂಟು. ಒಂದು ಸೀಸೆಯ ಲಸಿಕೆಯು ಸಾಮಾನ್ಯವಾಗಿ 100 ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವಷ್ಟಿರುತ್ತದೆ. ಅದನ್ನು ಮಂಜುಗಡ್ಡೆಯ ತಂಪಿನಲ್ಲಿಯೇ ತರಬೇಕು, ದ್ರವದಲ್ಲಿ ಕಲಸಿದ ಮೇಲೆ ಒಂದೆರಡು ಗಂಟೆಗಳೊಳಗೆ ಮುಗಿಸಬೇಕು, ಉಳಿದುದು ನಿಷ್ಪ್ರಯೋಜಕ. ಆರು ಕೋಳಿಗಳಿರುವ ಮನೆಯವನು ತಾನೊಬ್ಬನೇ ಸೀಸೆಯನ್ನು ತಂದರೆ ಮಿಕ್ಕುದೆಲ್ಲ ಚೆಲ್ಲಿಹೋಗುತ್ತದೆ. ಆದುದರಿಂದ ಅವನು ತರುವುದೇ ಇಲ್ಲ. ಹದಿನೈದು ಇಪ್ಪತ್ತು ಮನೆಗಳವರು ಕೂಡಿದರೆ ಅದೇ ಸೀಸೆಯು ಒಂದು ಹನಿಯೂ ವ್ಯರ್ಥವಾಗದೆ ಒಂದು ಬೆಳಗಿನಲ್ಲಿ ಮುಗಿಯುತ್ತದೆ. ಅಲ್ಲದೆ ಹಗಲಿನಲ್ಲಿ ಊರಿನ ಕೋಳಿಗಳೆಲ್ಲವೂ ಒಂದೇ ತಿಪ್ಪೆಯನ್ನು ಕೆದಕುತ್ತವೆ. ರೋಗದ ದೃಷ್ಟಿಗೆ ಮನೆಮನೆಯ ಕೋಳಿಗಳೆಂಬ ಭೇದವಿಲ್ಲ. ಊರಿನ ಕೋಳಿಗಳೆಲ್ಲ ಒಂದೇ ಹಿಂಡು. ಆ ಹಿಂಡಿನಲ್ಲಿ ಲಸಿಕೆಯಿಲ್ಲದವು ಹೆಚ್ಚಾಗಿದ್ದಷ್ಟೂ ರೋಗವು ಉಳಿದು ಹರಡಲು ಅನುಕೂಲ. ಎಳೆಯ ಮರಿಗಳೇ ಅದಕ್ಕೆ ಮೊದಲು ಬಲಿ.

ಲಸಿಕೆಯ ಬಲವು ಮೈಗೂಡಲು ಹತ್ತು ಹದಿನಾಲ್ಕು ದಿನಗಳು ಬೇಕು. ಬೇಸಗೆಯ ಜಾತ್ರೆ, ಮಾರಿಹಬ್ಬಗಳ ಕಾಲದಲ್ಲಿ ಕೋಳಿಗಳು ಊರಿಂದೂರಿಗೆ ಹೆಚ್ಚಾಗಿ ಓಡಾಡುವುದರಿಂದ, ಶಿವರಾತ್ರಿಗೆ ಮುಂಚೆಯೇ ಈ ಕಾರ್ಯವು ಮುಗಿದಿರತಕ್ಕದ್ದು. ಹಿಂದಿನ ರಾತ್ರಿ ಕೋಳಿಗಳನ್ನು ಗೂಡಿನಲ್ಲಿ ಮುಚ್ಚಿ, ಬೆಳಗ್ಗೆ ಬಿಡದೆ ಇರಿಸಿದರೆ ಹಿಡಿಯುವ ತೊಂದರೆಯಿಲ್ಲ.

ಲಸಿಕೆ ಹಾಕಿಸಿದುದರಿಂದಲೇ ಕೋಳಿಗಳು ಸತ್ತುವೆಂಬ ದೂರು ಕೆಲವೆಡೆ ಕೇಳಿಬರುತ್ತದೆ. ರೋಗವು ಆಗಲೇ ಒಳಹೊಕ್ಕಿದ್ದ ಹಿಂಡಿಗೆ ಲಸಿಕೆ ಹಾಕಿಸಿದರೆ ಹೀಗಾಗುವುದುಂಟು. ರೋಗ ಬಂದ ಮೇಲೆ ಓಡುವುದಕ್ಕೆ ಬದಲಾಗಿ ಆರೋಗ್ಯವಾಗಿರುವಾಗಲೇ ಹಾಕಿಸುವುದು ಇದಕ್ಕೆ ಪರಿಹಾರ. ಚುಚ್ಚಿದ ಮೇಲೆ ಕೆಲವು ದಿನ ಕೋಳಿಯು ಮಂಕಾಗಬಹುದು, ಮೊಟ್ಟೆಯೂ ತಗ್ಗಬಹುದು, ಅದಕ್ಕೆ ಹೆದರಬೇಕಾದುದಿಲ್ಲ.

7. ರೋಗವು ಕಾಣಿಸಿದಾಗ ಮಾಡತಕ್ಕುವು

ರೋಗಿ ಕೋಳಿಯನ್ನು ಒಡನೆಯೇ ಬೇರ್ಪಡಿಸಬೇಕು. ಉಳಿದವನ್ನು ಹೊರಗೆ ಬಿಡದೆ ಕಟ್ಟಬೇಕು. ಸತ್ತುದನ್ನು ತಿಪ್ಪೆಗಾಗಲಿ ಕೆರೆಗಾಗಲಿ ಎಸೆಯದೆ, ಮೂರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಗೂಡನ್ನು ಸುಣ್ಣದ ನೀರಿನಿಂದ ತೊಳೆದು ಬಿಸಿಲಿಗೆ ಬಿಡಬೇಕು. ಕೈಕಾಲುಗಳನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು.

ಸಾಯುವುದಕ್ಕೆ ಮುಂಚೆ ಮಾರಿಬಿಡೋಣವೆಂದು ಉಳಿದ ಕೋಳಿಗಳನ್ನು ಸಂತೆಗೆ ಒಯ್ಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಆ ದಿನ ದೊರೆತ ಅಲ್ಪ ಹಣವು ಹತ್ತು ಊರುಗಳ ಗೂಡುಗಳನ್ನು ಬರಿದುಮಾಡಬಹುದು. ಆ ಊರುಗಳಿಂದಲೇ ಮುಂದಿನ ವರ್ಷ ರೋಗವು ಇದೇ ಊರಿಗೆ ಹಿಂದಿರುಗುತ್ತದೆ.

ಒಂದೆರಡು ದಿನಗಳಲ್ಲಿ ಅನೇಕ ಕೋಳಿಗಳು ಇದ್ದಕ್ಕಿದ್ದಂತೆ ಸತ್ತರೆ ಅದು ಹಕ್ಕಿಜ್ವರವೂ ಆಗಿರಬಹುದು. ಭರತಖಂಡದಲ್ಲಿ ಇದು ಮೊದಲು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿಯೂ, 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿಯೂ ಕಾಣಿಸಿತು. ಇದು ಮನುಷ್ಯರಿಗೂ ಅಂಟಬಲ್ಲುದು. ನೋಟದಿಂದ ಮಾತ್ರ ಈ ಎರಡು ರೋಗಗಳನ್ನು ಬೇರ್ಪಡಿಸಲಾಗುವುದಿಲ್ಲ. ಆದುದರಿಂದ ಅಂಥ ಕೋಳಿಗಳನ್ನು ಬರಿಗೈಯಿಂದ ಮುಟ್ಟದೆ, ಕೊಯ್ಯದೆ, ತಿನ್ನದೆ, ಮಕ್ಕಳನ್ನು ದೂರವಿರಿಸಿ, ಪಶುವೈದ್ಯರಿಗೆ ಆ ದಿನವೇ ತಿಳಿಸಿ, ಹೂಳುವುದನ್ನೂ ಅವರು ಹೇಳಿದಂತೆಯೇ ನಡಸಬೇಕು.

8. ಗ್ರಾಮದ ಮುಖಂಡರ ಕರ್ತವ್ಯ

ಮೇಲ್ಕಂಡ ಕಾರ್ಯವು ಗ್ರಾಮದ ಹಿರಿಯರೂ ಪಂಚಾಯಿತಿಯ ಸದಸ್ಯರೂ ಮುಂದಾಗದೆ ನಡೆಯಲಾರದು. ಅವರು ಮಾಡಬೇಕಾದುದು ಇಷ್ಟೆ:

(1) ಸಂಕ್ರಾಂತಿಯ ಸುಮಾರಿಗೆ ಯಾವ ಮನೆಯಲ್ಲಿ ಎಷ್ಟು ಕೋಳಿಗಳೂ ಮರಿಗಳೂ ಇವೆಯೆಂಬ ಪಟ್ಟಿಯನ್ನು ಬರೆಯಿಸಬೇಕು.

(2) ಆ ಪಟ್ಟಿಯನ್ನು ಸಮೀಪದ ಪಶುವೈದ್ಯಶಾಲೆಗೆ ಕೊಟ್ಟು, ಲಸಿಕೆಯ ದಿನವನ್ನು ಗೊತ್ತುಮಾಡಬೇಕು.

(3) ಹಿಂದಿನ ಸಾಯಂಕಾಲ ಊರಿನಲ್ಲಿ ಸಾರಿಸಬೇಕು. ಕೋಳಿಗಳನ್ನು ನೋಡಿಕೊಳ್ಳುವವರು ಹೆಂಗಸರಾದುದರಿಂದ ಈ ಸುದ್ದಿಯು ಅವರಿಗೆ ನೇರವಾಗಿ ಮುಟ್ಟಬೇಕು. ಜಗಲಿಯಲ್ಲಿ ಗಂಡಸರಿಗೆ ಹೇಳಿದುದು ಸಾಲದು.

(4) ಮೊದಲು ತಮ್ಮ ಮನೆಯ ಕೋಳಿಗಳಿಗೇ ಹಾಕಿಸಬೇಕು. ಹಿರಿಯರು ಮಾಡಿ ತೋರಿಸಿದುದನ್ನು ಉಳಿದವರು ಬೇಗ ಅನುಸರಿಸುತ್ತಾರೆ.

(5) ಒಂಟಿ ಹೆಂಗಸರ, ಬಡವರ, ಊರ ಹೊರಗಿನ ಗುಡಿಸಲುಗಳವರ ಕೋಳಿಗಳು ಬಿಟ್ಟುಹೋಗದಂತೆ ಎಚ್ಚರವಹಿಸಬೇಕು. ಎರಡೇ ಕೋಳಿಗಳಿರುವ ಮನೆಗೆ ಆ ಎರಡರ ನಷ್ಟವೇ ದೊಡ್ಡದು.

(6) ಮಳೆಗಾಲ ಕಳೆದ ಮೇಲೆ, ಆ ನಡುವೆ ಹುಟ್ಟಿದ ಮರಿಗಳಿಗಾಗಿ ಮತ್ತೊಮ್ಮೆ ಇದೇ ಕ್ರಮವನ್ನು ನಡಸಬೇಕು.

ಒಂದು ಕಾಲದಲ್ಲಿ ದನಗಳ ದೊಡ್ಡರೋಗವೆಂದರೆ ಊರೂರೇ ನಡುಗುತ್ತಿದ್ದಿತು. ಹಿಂದಿನ ಮೈಸೂರು ಸಂಸ್ಥಾನವು ಅದನ್ನು ತಡೆಯುವ ಸೀರಮ್ಮನ್ನು ತಯಾರಿಸಲು 1920ರ ದಶಕದಲ್ಲಿ ಹೆಬ್ಬಾಳದಲ್ಲಿ ಒಂದು ಸಂಸ್ಥೆಯನ್ನೇ ಸ್ಥಾಪಿಸಿತು. ಊರೂರಿನ ದನಗಳಿಗೂ ಲಸಿಕೆ ಹಾಕುತ್ತ ಬಂದುದರ ಫಲವಾಗಿ 2011ರಲ್ಲಿ ಆ ರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಕೋಳಿಯ ರೋಗವು ಕಾಡುಹಕ್ಕಿಗಳಲ್ಲಿಯೂ ಇರುವುದರಿಂದ ಅದನ್ನು ಹಾಗೆ ಅಳಿಸಿಬಿಡುವುದು ಕಷ್ಟ. ಆದರೆ ಅದನ್ನು ತನ್ನ ಊರಿನ ಗಡಿಯಲ್ಲಿ ತಡೆದು ನಿಲ್ಲಿಸುವುದು ಪ್ರತಿಯೊಂದು ಗ್ರಾಮಕ್ಕೂ ಸಾಧ್ಯ. ಅದಕ್ಕೆ ಬೇಕಾದುದು ವರ್ಷಕ್ಕೆ ಎರಡು ಬೆಳಗಿನ ಕೆಲಸ, ಮತ್ತು ನೆರೆಮನೆಯ ಕೋಳಿಯೂ ತನ್ನ ಹಿಂಡಿಗೆ ಸೇರಿದುದೆಂಬ ತಿಳಿವಳಿಕೆ.